ಚುಕ್ಕಿ ಹೋದ ಮೇಲೆ ಇನ್ನೊಂದು ಮರಿ ತರಲೇ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ಹುಳು ಸಾಕುತ್ತೇವೆ. ಹುಳುಮನೆಗೆ ಇಲಿ ಬಾರದಿರಲೆಂದು 9 ವರ್ಷದ ಹಿಂದೆ ತಂದ ಬೆಕ್ಕು ಚುಕ್ಕಿ, ಮನೆಮಗಳಾಗಿಬಿಟ್ಟಿದ್ದಳು. ಎರಡು ತಿಂಗಳ ಹಿಂದೆ ಅವಳ ಮೈ ಬಿಸಿಯಾಗಿತ್ತು. ಅರ್ಧ ಪ್ಯಾರಾಸಿಟಮಾಲ್ ಮಾತ್ರೆಯನ್ನು ಅನ್ನದಲ್ಲಿ ಕಲಸಿ ತಿನ್ನಿಸಿದೆ. ಸಂಜೆಗೆ ಮುಖ ಊದಿತು, ಉಸಿರಿಗೆ ಒದ್ದಾಡಿದಳು. ಮಾತ್ರೆಯಿಂದಲೇ ಹೀಗಾಯಿತು ಎಂದರು ಪಶುವೈದ್ಯರು. ಮರುದಿನ ಹೋಗಿಬಿಟ್ಟಳು. ಈಗ ಪಕ್ಕದ ಮನೆಯ ಬೆಕ್ಕು ಮರಿ ಹಾಕಿ ತಿಂಗಳಾಗಿದೆ. ಇಲಿ ಕಾಟ ಹೆಚ್ಚಿದೆ, ಒಂದನ್ನು ತಂದುಬಿಡು ಎಂದು ಅತ್ತೆ ದಿನವೂ ಹೇಳುತ್ತಾರೆ. ಯಜಮಾನರು ಇಲಿ ಪಾಷಾಣ ಇಟ್ಟಿದ್ದಾರೆ. ಚುಕ್ಕಿಯನ್ನು ಕೊಂದ ಕೈಯಲ್ಲಿ ಇನ್ನೊಂದು ಮರಿಯನ್ನು ಹೇಗೆ ಎತ್ತಿಕೊಳ್ಳಲಿ?
— ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಇಲ್ಲಿ ಕಿರಿದು ಮಾಡಿದ್ದೇನೆ. ಅದರಲ್ಲಿ ಹೊಸ ಮರಿಯ ಮಾತು ನಾಲ್ಕೇ ಸಾಲು. ಉಳಿದ ಎರಡು ಪುಟವೂ ಆ ಅರ್ಧ ಮಾತ್ರೆಯದು. ಹಾಗಾಗಿ ಮೊದಲು ಮಾತ್ರೆಯ ವಿಷಯ.

ವೈದ್ಯರು ಹೇಳಿದ್ದು ನಿಜ. ಅದರಿಂದ ಆಗಿರಲಾರದು ಎಂದು ನಾನು ಬರೆದರೆ ನೀವು ನಂಬುವುದಿಲ್ಲ, ನಂಬಲೂಬಾರದು. ಪ್ಯಾರಾಸಿಟಮಾಲನ್ನು ಅರಗಿಸಿ ಹೊರಹಾಕಲು ನಮ್ಮ ಯಕೃತ್ತಿನಲ್ಲಿರುವ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ಅರಗದೆ ಉಳಿದದ್ದು ವಿಷವಾಗುತ್ತದೆ, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಒಸಡು ಕಂದುತ್ತದೆ, ಮುಖ, ಪಾದ ಊದುತ್ತವೆ. ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಬೆಕ್ಕು ಸಾಕಿದವರೆಲ್ಲ ಇದನ್ನು ಓದಲಿ ಎಂದೇ ನಿಮ್ಮ ಪತ್ರವನ್ನು ಆರಿಸಿಕೊಂಡೆ. ಅಂಗಡಿಯಲ್ಲಿ ಮಾತ್ರೆ ಕೊಡುವಾಗ ಇದನ್ನು ನಿಮಗೆ ಯಾರು ಹೇಳಿದ್ದರು?

ಕಹಿ ತಿಳಿಯದಿರಲೆಂದು ಮಾತ್ರೆಯನ್ನು ಪುಡಿ ಮಾಡಿ, ಅನ್ನಕ್ಕೆ ತುಪ್ಪ ಹಾಕಿ, ತೊಡೆಯ ಮೇಲೆ ಕೂರಿಸಿಕೊಂಡು ಬೆರಳಿನಿಂದ ತಿನ್ನಿಸಿದೆ ಎಂದು ಬರೆದಿದ್ದೀರಿ. ಮಗುವಿಗೆ ಜ್ವರ ಬಂದಾಗಲೂ ನೀವು ಹಾಗೆಯೇ ಮಾಡುತ್ತಿದ್ದಿರಿ. ತಿಳಿಯದೆ ತಪ್ಪಾಯಿತು, ಅದಕ್ಕೆ ಎಷ್ಟು ಬೇಕಾದರೂ ಅಳಿ. ಆದರೆ ‘ಕೊಂದ ಕೈ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂದು ಊರಿನಲ್ಲಿ ಯಾರೋ ಅಂದರಂತೆ. ಆ ದುಡ್ಡಿನಲ್ಲಿ ಪಕ್ಕದ ಮನೆಯ ಮರಿಗಳಿಗೆ ಲಸಿಕೆ ಹಾಕಿಸಿ. ಅವು ಹಾಲು ಬಿಟ್ಟ ಮೇಲೆ ತಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ.

ಇನ್ನು ಮರಿ. ತಿಂಗಳ ಮರಿಯನ್ನು ತಾಯಿಯಿಂದ ಬಿಡಿಸಬಾರದು, ಕನಿಷ್ಠ 8 ವಾರವಾಗಬೇಕು. ಅತ್ತೆಯವರಿಗೆ ಇಷ್ಟನ್ನೇ ಹೇಳಿ. ನಿಮಗೆ ಒಂದು ತಿಂಗಳು ಸಿಕ್ಕಿತು, ಅಷ್ಟರಲ್ಲಿ ಈ ಬೆಳೆಯೂ ಮುಗಿದಿರುತ್ತದೆ. ನಾಲ್ಕನೇ ಜ್ವರ (ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು) ಮುಗಿಸಿ ಎದ್ದ ಹುಳು ಒಟ್ಟು ಸೊಪ್ಪಿನ ಮುಕ್ಕಾಲು ಪಾಲಿಗೂ ಹೆಚ್ಚನ್ನು ತಿಂದು ಮುಗಿಸುವ ದಿನಗಳಲ್ಲಿ ನಿಮಗೇ ಊಟಕ್ಕೆ ಕೂರಲು ಬಿಡುವಿರುವುದಿಲ್ಲ. ಆಗ ಪುಟ್ಟ ಮರಿಯನ್ನು ಯಾರು ನೋಡಿಕೊಳ್ಳಬೇಕು? ಗೂಡು ಮಾರುಕಟ್ಟೆಗೆ ಹೋಗಿ, ಹುಳುಮನೆ ತೊಳೆದು, ಬ್ಲೀಚಿಂಗ್ ಪುಡಿಯ ಘಾಟು ಆರಲಿ.

ಪಾಷಾಣವನ್ನು ಮಾತ್ರ ಇವತ್ತೇ ತೆಗೆಸಿ. ಪಾಷಾಣ ತಿಂದ ಇಲಿಯನ್ನು ತಿಂದರೂ ಬೆಕ್ಕು ಸಾಯಬಹುದು, ಪಕ್ಕದ ಮನೆಯ ಬಾಣಂತಿ ಬೆಕ್ಕು ನಿಮ್ಮ ಹುಳುಮನೆಗೆ ಬಾರದೆ ಇರುತ್ತದೆಯೇ? ಸದ್ಯಕ್ಕೆ ಇಲಿಬೋನು ಸಾಕು. ಯಜಮಾನರಿಗೆ ಇದನ್ನು ಖಡಾಖಂಡಿತವಾಗಿ ಹೇಳಿ.

ಈ ತಿಂಗಳು ಆಗಾಗ ಹೋಗಿ ಮರಿಗಳ ಹತ್ತಿರ ಸುಮ್ಮನೆ ಕೂತು ಬನ್ನಿ. ಎತ್ತಿಕೊಳ್ಳಲೇಬೇಕೆಂದಿಲ್ಲ. ಚುಕ್ಕಿಯ ಹಾಗೆಯೇ ಹಣೆಯಲ್ಲಿ ಬಿಳಿ ಬೊಟ್ಟಿರುವ ಮರಿ ಒಂದಿದೆ ಎಂದಿದ್ದೀರಿ. ಅದನ್ನು ಬೇರೆಯವರಿಗೆ ಬಿಟ್ಟುಕೊಡಿ. ಅದು ಏನು ಮಾಡಿದರೂ ನೀವು ಚುಕ್ಕಿಯನ್ನೇ ಹುಡುಕುತ್ತೀರಿ, ಪಾಪ ಅದು ಸೋಲುತ್ತಲೇ ಇರಬೇಕಾಗುತ್ತದೆ. ನಿಮ್ಮ ಸೆರಗಿಗೆ ಉಗುರು ಸಿಕ್ಕಿಸಿಕೊಂಡು ಜೋತಾಡುವ ಮರಿ ಯಾವುದೋ ಅದು ಬರಲಿ. ಅದಕ್ಕೆ ಬೇರೆ ಹೆಸರಿಡಿ, ಬೇರೆ ತಟ್ಟೆ ಕೊಡಿ. ಚುಕ್ಕಿಯ ತಟ್ಟೆ ಎಲ್ಲಿದೆಯೋ ಅಲ್ಲೇ ಇರಲಿ. ಹುಷಾರು ತಪ್ಪಿದರೆ ಮೊದಲು ಪಶುವೈದ್ಯರಿಗೆ ಫೋನ್ ಮಾಡಿ.

ತಿಂಗಳು ಕಳೆದರೂ ಕೈ ಮುಂದೆ ಹೋಗದಿದ್ದರೆ ‘ಈಗ ಬೇಡ ಅತ್ತೆ’ ಎಂದುಬಿಡಿ. ನಿಮ್ಮ ಕಡೆ ಬೆಕ್ಕಿನ ಮರಿಗಳಿಗೆ ಬರಗಾಲವಿಲ್ಲ. ಇನ್ನೊಂದು ಬೆಳೆ ತೆಗೆದ ಮೇಲೆ ನನಗೆ ಮತ್ತೆ ಬರೆಯಿರಿ.