ನಾಯಿಯನ್ನು ಬಿಟ್ಟು ಬರುವ ಮೊದಲು

ಮಗುವಿಗೆ ಪದೇ ಪದೇ ಭೇದಿ, ಸಾಕಿದ ನಾಯಿಯನ್ನು ಎಲ್ಲಾದರೂ ಬಿಟ್ಟು ಬರಬೇಕೋ ಬೇಡವೋ ಎಂದು ಮನೆಯಲ್ಲಿ ಜಗಳ. ಹೀಗೆ ನನ್ನ ಬಳಿ ಬಂದ ಮೂರನೆಯ ಕುಟುಂಬ ಇದು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಏಳು ವರ್ಷದ ಹುಡುಗ, ಎಂಟು ತಿಂಗಳಲ್ಲಿ ಮೂರು ಸಲ ಜಿಯಾರ್ಡಿಯಾ, ಅಂದರೆ ಕರುಳಿಗೆ ತಗಲುವ ಸೂಕ್ಷ್ಮ ಪರೋಪಜೀವಿಯ ಸೋಂಕು. ಔಷಧಿ ಕೊಟ್ಟಾಗ ವಾಸಿ, ತಿಂಗಳೊಪ್ಪತ್ತಿಗೆ ಮತ್ತೆ ಹೊಟ್ಟೆಯುಬ್ಬರ, ಜಿಡ್ಡುಜಿಡ್ಡಾದ ಭೇದಿ. ಎಲ್ಲಾ ನಾಯಿ ಕರಿಯನಿಂದಲೇ ಎಂದು ಅಜ್ಜಿ ತೀರ್ಮಾನಿಸಿದ್ದರು. ತಾಯಿ ದಿನಕ್ಕೆ ನಾಲ್ಕು ಸಲ ಫಿನಾಯಿಲ್ ಹಾಕಿ ನೆಲ ಒರೆಸಿ, ಬೆರಳ ಸಂದುಗಳೆಲ್ಲ ಬಿರಿದಿದ್ದವು.

ಮೂರನೆಯ ಭೇಟಿಯಲ್ಲಿ ಹುಡುಗನೊಬ್ಬನನ್ನೇ ಕೂರಿಸಿಕೊಂಡೆ. ಗೇಟಿನ ಚಿತ್ರ ಬರೆದ. ನಾಯಿಯನ್ನು ಗೇಟಿನ ಆಚೆ ಬರೆದ. "ಹೊಟ್ಟೆ ಯಾವಾಗ ನೋಯ್ತು?" ಅಂದೆ. ಬಾಗಿಲ ಕಡೆ ನೋಡಿ ಪಿಸುಗುಟ್ಟಿದ: "ನಿನ್ನೆನೂ ನೋಯ್ತು. ಹೇಳಿದ್ರೆ ಕರಿಯನ್ನ ಬಿಟ್ಟು ಬರ್ತಾರೆ."

ಎರಡು ವಾರದಿಂದ ಯಾರಿಗೂ ಹೇಳದೆ ರಾತ್ರಿ ಎದ್ದು ಹೋಗಿ ಬರುತ್ತಿದ್ದ. ನಲ್ಲಿ ಸದ್ದಾದರೆ ಅಜ್ಜಿಗೆ ಎಚ್ಚರವಾಗುತ್ತದೆಂದು ಕೈಯನ್ನೂ ತೊಳೆಯುತ್ತಿರಲಿಲ್ಲ. ಪುಟ್ಟ ತಂಗಿಯ ಪಕ್ಕದಲ್ಲೇ ಬಂದು ಮಲಗುತ್ತಿದ್ದ. ಅವನ ಒಪ್ಪಿಗೆ ಪಡೆದೇ ತಾಯಿಗೆ ಹೇಳಿದೆ. ಆಕೆ ಅತ್ತುಬಿಟ್ಟರು. ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ.

ನಾಯಿಯನ್ನು ಸದ್ಯಕ್ಕೆ ಕಳಿಸಬೇಡಿ ಎಂದೆ. "ಮಗುಗಿಂತ ನಾಯಿ ಹೆಚ್ಚಾಯ್ತಾ ನಿಮಗೆ?" ಎಂದರು ಅಜ್ಜಿ. ಇಲ್ಲ, ಮಗುವಿಗಾಗಿಯೇ ಹಾಗೆಂದೆ. ನಾನು ವೈದ್ಯೆಯಲ್ಲ, ಮಕ್ಕಳ ವೈದ್ಯರನ್ನು ಕೇಳಿಕೊಂಡೇ ಹೇಳಿದ್ದು. ಜಿಯಾರ್ಡಿಯಾದಲ್ಲಿ ಹಲವು ಬಗೆಗಳಿವೆ. ಮನುಷ್ಯರಲ್ಲಿ ಕಾಣುವುದು ಮುಖ್ಯವಾಗಿ ಎ ಮತ್ತು ಬಿ, ನಾಯಿಗಳಲ್ಲಿ ಹೆಚ್ಚಾಗಿ ಸಿ ಮತ್ತು ಡಿ. ನಾಯಿಯಿಂದ ಮನುಷ್ಯರಿಗೆ ಬರುವುದೇ ಇಲ್ಲವೆಂದಲ್ಲ, ಅಪರೂಪ. ಆದರೆ ಮನುಷ್ಯರಿಂದ ಮನುಷ್ಯರಿಗೆ ಹರಡಲು ಹತ್ತು ಸಿಸ್ಟ್ (ಮಲದಲ್ಲಿ ಹೊರಬೀಳುವ, ಗಟ್ಟಿ ಕವಚದ ಜಿಯಾರ್ಡಿಯಾ) ಹೊಟ್ಟೆಗೆ ಹೋದರೂ ಸಾಕು. ಭೇದಿಯಾಗುತ್ತಿರುವ ನಾಯಿಮರಿ ಮನೆಯಲ್ಲಿದ್ದಿದ್ದರೆ ನನ್ನ ಮಾತು ಬೇರೆಯಿರುತ್ತಿತ್ತು. ಮರಿಗಳಿಂದ ಕ್ಯಾಂಪಿಲೋಬ್ಯಾಕ್ಟರ್ ಎಂಬ, ಭೇದಿ ತರುವ ಬ್ಯಾಕ್ಟೀರಿಯಾ ಮಕ್ಕಳಿಗೆ ತಗಲುವುದುಂಟು, ಆಗ ಮೊದಲು ಪಶುವೈದ್ಯರ ಹತ್ತಿರ ಓಡಬೇಕು.

ಕರಿಯನ ಮಲವನ್ನೂ ಪರೀಕ್ಷೆ ಮಾಡಿಸಿ, ಅಂಗಳದಲ್ಲಿ ಬಿದ್ದದ್ದನ್ನು ಕೂಡಲೇ ಎತ್ತಿಬಿಡಿ ಎಂದೆ. ಮನೆಮಂದಿಯೆಲ್ಲ ವೈದ್ಯರನ್ನು ಕಂಡು, ಬೇರೆಬೇರೆ ದಿನ ಮೂರು ಮಾದರಿ ಕೊಡಿ. ಸಿಸ್ಟ್ ದಿನವೂ ಬೀಳುವುದಿಲ್ಲ, ಒಂದೇ ಪರೀಕ್ಷೆಯಲ್ಲಿ ತಪ್ಪಿಹೋಗಬಹುದು. ಸಂಪಿನ ನೀರಿಗೆ ಕ್ಲೋರಿನ್ ಹಾಕಿದೆ ಎಂದು ನಂಬಿ ಕೂರಬೇಡಿ, ಕುಡಿಯುವ ನೀರು ಒಂದು ನಿಮಿಷ ಕೊತಕೊತ ಕುದಿಯಲಿ. ಸ್ಯಾನಿಟೈಸರ್ ಇದಕ್ಕೆ ಸಾಲದು, ಸೋಪು ಹಚ್ಚಿ ಉಜ್ಜಿ ತೊಳೆಯಬೇಕು.

ಎರಡನೆಯ ಮಾದರಿಯಲ್ಲಿ ತಂಗಿಗೂ ಸೋಂಕಿರುವುದು ಗೊತ್ತಾಯಿತು. ಆಕೆಗೆ ಒಂದು ದಿನವೂ ಹೊಟ್ಟೆ ಕೆಟ್ಟಿರಲಿಲ್ಲ. ವೈದ್ಯರು ಇಬ್ಬರಿಗೂ ಒಟ್ಟಿಗೇ ಔಷಧಿ ಕೊಟ್ಟರು.

ಹುಡುಗನಿಗೆ ನಾನು ಒಪ್ಪಿಸಿದ್ದು ಎರಡೇ ಕೆಲಸ: ನೋವಾದರೆ ಹೇಳುವುದು, ನಲ್ಲಿಯನ್ನು ಜೋರಾಗಿ ಬಿಡುವುದು. ಅಜ್ಜಿ ಕರಿಯನನ್ನು ಇನ್ನೂ ಒಳಗೆ ಸೇರಿಸಿಲ್ಲ, ಅದಕ್ಕೆ ನನ್ನ ತಕರಾರಿಲ್ಲ. ರಾತ್ರಿ ನಲ್ಲಿ ಸದ್ದಾದರೆ ಈಗಲೂ ಏಳುತ್ತಾರಂತೆ, ಸೋಪು ಎತ್ತಿಕೊಡಲು.