ಸೊನ್ನೆ ಹೆಚ್ಚಿದರೆ ಬಡತನವೇ?

ಪ್ರಶ್ನೆ: ವಿಯೆಟ್ನಾಂಗೆ ಹೋಗಿದ್ದ ನಮ್ಮ ಭಾವ ಒಂದು ಕಾಫಿಗೆ 30,000 ಡಾಂಗ್ ಕೊಟ್ಟರಂತೆ. ಅಷ್ಟು ಬಡ ದೇಶವೇ ಅದು? ನೋಟು ಹೀಗೇಕೆ ಬೆಲೆ ಕಳೆದುಕೊಳ್ಳುತ್ತದೆ, ಸಾರ್?
– ಓದುಗರೊಬ್ಬರು, ತಿಪಟೂರು

ಉತ್ತರ: ಆ ಕಾಫಿ ನಮ್ಮ ಲೆಕ್ಕದಲ್ಲಿ ನೂರು ರೂಪಾಯಿ ಆಸುಪಾಸು, ಅಷ್ಟೆ. ಡಾಂಗಿನ ಸೊನ್ನೆಗಳು 1980ರ ದಶಕದ ವಿಪರೀತ ಬೆಲೆಯೇರಿಕೆ ಬಿಟ್ಟುಹೋದ ಗುರುತು. ಜಪಾನಿನ ಯೆನ್ ಕೂಡ ನಮ್ಮ ರೂಪಾಯಿಗಿಂತ ಚಿಕ್ಕದು. ಜಪಾನನ್ನು ಬಡ ದೇಶ ಎನ್ನುತ್ತೀರಾ? ಸೊನ್ನೆ ಎಷ್ಟೇ ಇರಲಿ, ಬೆಲೆ ಒಂದು ಕಡೆ ನಿಂತರೆ ಸಂಸಾರ ನಡೆಯುತ್ತದೆ.

ನನಗೆ ಸಂಕಟವಾಗುವುದು ಲೆಬನಾನನ್ನು ನೆನೆದಾಗ. ಅಲ್ಲಿ 1997ರಿಂದ ಡಾಲರಿಗೆ ಸುಮಾರು 1,507 ಲೆಬನಾನಿ ಪೌಂಡ್ ಎಂದು ದರ ಕಟ್ಟಿಹಾಕಿದ್ದರು. ಆ ಕಟ್ಟು ನಿಲ್ಲಲು ಹೊರಗಿನಿಂದ ಡಾಲರ್ ಬರುತ್ತಲೇ ಇರಬೇಕು. ಬ್ಯಾಂಕುಗಳು ಭಾರೀ ಬಡ್ಡಿಯ ಆಸೆ ತೋರಿಸಿ ಠೇವಣಿ ಸೆಳೆದು ಕೇಂದ್ರ ಬ್ಯಾಂಕಿಗೂ ಸರ್ಕಾರಕ್ಕೂ ಸಾಲ ಕೊಟ್ಟವು. 2019ರಲ್ಲಿ ಒಳಹರಿವು ಬತ್ತಿತು. ಜನರಿಗೆ ತಮ್ಮದೇ ಡಾಲರ್ ಕೈಗೆ ಸಿಗದಾಯಿತು. ಇತ್ತ ಪೌಂಡಿನ ನೋಟು ಅಚ್ಚಾಗುತ್ತಲೇ ಹೋಯಿತು. ಈಗ ದರ 89,500ರ ಹತ್ತಿರ. ಒಂದು ಲಕ್ಷ ಪೌಂಡಿನ ನೋಟು ಹಿಂದೆ 66 ಡಾಲರ್ ತರುತ್ತಿತ್ತು. ಈಗ ಒಂದು ಡಾಲರಿಗಿಂತ ತುಸು ಹೆಚ್ಚು.

ನಾನು ಮೂವತ್ತು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವನು. ಪಿಂಚಣಿಯ ದಿನ ಅಜ್ಜಿಯರು ನೋಟನ್ನು ಮೂರು ಸಲ ಎಣಿಸಿ, ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ಲೆಬನಾನಿನ ರಾಜಧಾನಿ ಬೈರೂತಿನಲ್ಲೂ ಅಂಥ ಅಜ್ಜಿಯರಿದ್ದರು. ಅವರು ಗಂಟು ಬಿಚ್ಚಿದಾಗ ನೋಟು ಹಾಗೆಯೇ ಇತ್ತು, ಅದು ತರುತ್ತಿದ್ದ ರೊಟ್ಟಿ ಇರಲಿಲ್ಲ.