ತಮ್ಮನ ನಾಟಕಕ್ಕೆ ಮಗುವನ್ನು ಕರೆದೊಯ್ಯಬಾರದೇ?

ಪ್ರಶ್ನೆ: ನಾನು ಮೈಸೂರಿನವಳು. ಮದುವೆಗೆ ಮುಂಚೆ ಹವ್ಯಾಸಿ ತಂಡವೊಂದರಲ್ಲಿ ಅಭಿನಯಿಸುತ್ತಿದ್ದೆ. ಮಗಳಿಗೆ ಈಗ ಹತ್ತು ತಿಂಗಳು. ಕಳೆದ ತಿಂಗಳು ಅವಳನ್ನು ಎತ್ತಿಕೊಂಡು ನಾಟಕಕ್ಕೆ ಹೋಗಿದ್ದಾಗ, ದುಃಖದ ದೃಶ್ಯವೊಂದರ ನಡುವೆ ಅವಳು ಅಳತೊಡಗಿದಳು. ಹಿಂದಿನ ಸಾಲಿನವರೊಬ್ಬರು ಎಲ್ಲರಿಗೂ ಕೇಳುವಂತೆ ಗದರಿದರು, ಅವಮಾನದಿಂದ ಹೊರಬಂದೆ. ಈಗ ನನ್ನ ತಮ್ಮ ಮೊದಲ ಬಾರಿಗೆ ಮುಖ್ಯ ಪಾತ್ರ ಮಾಡುತ್ತಿದ್ದಾನೆ. ಅವನೂ ಹಿಂಜರಿಯುತ್ತಲೇ, 'ಅಕ್ಕ, ಪಾಪುವನ್ನು ಮಾತ್ರ ಕರೆತರಬೇಡ' ಎಂದ. ಕುಂದಾಪುರದ ನನ್ನ ಅತ್ತೆ, 'ನಾವು ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡೇ ಬೆಳಗಿನವರೆಗೆ ಆಟ ನೋಡಿದವರು' ಎನ್ನುತ್ತಾರೆ. ಪತಿಯಂತೂ, ಮಗುವಿಗೆ ಐದು ವರ್ಷವಾಗುವವರೆಗೆ ನಾಟಕದ ಆಸೆಯನ್ನೇ ಬಿಟ್ಟುಬಿಡು ಎನ್ನುತ್ತಾರೆ. ನಾನು ಏನು ಮಾಡಲಿ?

ಉತ್ತರ: ಪ್ರಿಯ ಸೋದರಿ, ನೀವು ತಮ್ಮನ ನಾಟಕಕ್ಕೆ ಖಂಡಿತ ಹೋಗಬೇಕು, ಮಗು ಆ ಸಂಜೆ ಮನೆಯಲ್ಲಿ ತನ್ನ ತಂದೆಯ ಜೊತೆ ಇರಲಿ. ನೀವು ಬರೆದಿರುವ ಮೂವರ ಮಾತುಗಳಲ್ಲಿ ನನಗೆ ಒಪ್ಪಿಗೆಯಾಗದಿರುವುದು ನಿಮ್ಮ ಪತಿಯ ಮಾತು.

ಮೊದಲು ಆ ಕಹಿ ಸಂಜೆಯ ವಿಷಯ. ಹತ್ತು ತಿಂಗಳ ಮಗು ಅಪರಿಚಿತರ ಮುಖ ಕಂಡು ಬೆದರುವ ವಯಸ್ಸಿನಲ್ಲಿರುತ್ತದೆ. ದೀಪಗಳು ಒಮ್ಮೆಲೇ ಆರಿ, ಎಲ್ಲಿಂದಲೋ ಗಟ್ಟಿ ಧ್ವನಿಯೊಂದು ಎದ್ದಾಗ ಅದು ಅಳದಿದ್ದರೇ ಆಶ್ಚರ್ಯ. ಅಲ್ಲಿ ಮಗುವಿನ ತಪ್ಪೂ ಇರಲಿಲ್ಲ, ನಿಮ್ಮ ತಾಯ್ತನದ ಕೊರತೆಯೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಮಗುವನ್ನು ತಕ್ಷಣ ಹೊರಗೆ ಕರೆದೊಯ್ಯಬೇಕೆಂಬುದು ನಿಜ. ಆದರೆ ಅದನ್ನು ಮೆಲ್ಲನೆ ಹೇಳಬಹುದಿತ್ತು. ಗದರಿದವರ ಧ್ವನಿಯೂ ಆ ದೃಶ್ಯವನ್ನು ಕೆಡಿಸಿತು ಎಂಬುದನ್ನು ನೀವು ನೆನಪಿಟ್ಟುಕೊಳ್ಳಬೇಕು.

ನಿಮ್ಮ ಅತ್ತೆಯವರು ಹೇಳಿದ್ದು ಪೂರ್ಣ ಸತ್ಯ. ಯಕ್ಷಗಾನ ಬಯಲಾಟದ ಪ್ರೇಕ್ಷಕರು ಚಾಪೆ ಹಾಸಿ ಕುಳಿತವರು. ನಡುವೆ ಎದ್ದು ಹೋಗಿ ಚಹಾ ಕುಡಿದು, ಇನ್ನೊಂದು ಪದ್ಯದ ಹೊತ್ತಿಗೆ ಮರಳುವವರು. ಪ್ರಸಂಗ ಎಲ್ಲರಿಗೂ ಗೊತ್ತಿರುವುದರಿಂದ ಅರ್ಧ ತಾಸು ತಪ್ಪಿದರೂ ಕಥೆ ಕೈಬಿಡುವುದಿಲ್ಲ, ಮತ್ತು ಚಂಡೆ ಮದ್ದಳೆಗಳ ನಡುವೆ ಮಗುವೊಂದು ಅತ್ತರೆ ಭಾಗವತರ ಪದ್ಯಕ್ಕೆ ಕುಂದು ಬರುವುದಿಲ್ಲ. ಆ ಕಲೆ ಮಕ್ಕಳನ್ನೂ ಮುದುಕರನ್ನೂ ತನ್ನೊಳಗೆ ಎಣಿಸಿಕೊಂಡೇ ಬೆಳೆದದ್ದು. ನಿಮ್ಮ ತಮ್ಮ ಅಭಿನಯಿಸಲಿರುವ ಮುಚ್ಚಿದ ರಂಗಮಂದಿರದ ಆಧುನಿಕ ನಾಟಕ ಮಾತ್ರ ಬೇರೆ ಶಿಸ್ತಿನದು. ಅಲ್ಲಿ ಅನೇಕ ವೇಳೆ ಮೈಕ್ ಕೂಡ ಇರುವುದಿಲ್ಲ. ನಟ ಮಾತು ನಿಲ್ಲಿಸಿ ಸುಮ್ಮನೆ ನಿಂತ ಕ್ಷಣವೂ ನಾಟಕದ ಭಾಗವೇ ಆಗಿರುತ್ತದೆ. ಸಿನಿಮಾದಲ್ಲಾದರೆ ಪ್ರೇಕ್ಷಾಗೃಹದಲ್ಲಿ ಏನಾದರೂ ಪರದೆಯ ಮೇಲಿನವರಿಗೆ ತಿಳಿಯದು, ಆದರೆ ರಂಗದ ಮೇಲಿನವರಿಗೆ ಪ್ರತಿಯೊಂದು ಸದ್ದೂ ಕೇಳುತ್ತದೆ. ನೀವೇ ಬಣ್ಣ ಹಚ್ಚಿದವರು, ಇದನ್ನು ನನಗಿಂತ ಚೆನ್ನಾಗಿ ಬಲ್ಲಿರಿ.

ನಿಮ್ಮ ತಮ್ಮನ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು ಎಂದು ನನಗೆ ತೋರುತ್ತದೆ. ಯಾರದೋ ಮಗು ಅತ್ತರೆ ನಟ ಅದನ್ನು ದಾಟಿ ಮುಂದೆ ಹೋಗಬಲ್ಲ. ತಾನು ಎತ್ತಿ ಆಡಿಸಿದ ಅಕ್ಕನ ಮಗಳು ಅತ್ತರೆ ಅವನು ಪಾತ್ರದಿಂದ ಹೊರಬಂದು ಸೋದರಮಾವನಾಗಿಬಿಡುತ್ತಾನೆ. ಅವನ ಕೋರಿಕೆಯ ಹಿಂದೆ ಇರುವುದು ಆ ಭಯವೇ ಹೊರತು ಅಸಡ್ಡೆಯಲ್ಲ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರ ಎಂಬ ರಂಗಮಂದಿರದಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನು, ಅವರು ಯಾರೇ ಆಗಿರಲಿ, ಒಳಗೆ ಬಿಡುವುದಿಲ್ಲ. ಅದನ್ನು ಅವಮಾನವೆಂದು ರಂಗಪ್ರಿಯರು ಭಾವಿಸುವುದೂ ಇಲ್ಲ. ತಮ್ಮನ ಮಾತನ್ನು ನೀವು ಅಂಥದ್ದೇ ಒಂದು ಶಿಸ್ತೆಂದು ಸ್ವೀಕರಿಸಿ.

ಇನ್ನು ಪತಿಯವರ ಮಾತು. ಮಗುವಿಗೆ ಒಗ್ಗದ ಜಾಗಕ್ಕೆ ಮಗುವನ್ನು ಕರೆದೊಯ್ಯಬಾರದು ಎಂಬ ಸರಿಯಾದ ಮಾತಿನಿಂದ, ತಾಯಿಯೂ ಐದು ವರ್ಷ ಅಲ್ಲಿಗೆ ಹೋಗಬಾರದು ಎಂಬ ತೀರ್ಮಾನ ಹೇಗೆ ಹುಟ್ಟುತ್ತದೆ? ಮಗುವಿಗೆ ತಂದೆಯೂ ಇದ್ದಾರಲ್ಲವೇ? ಹತ್ತು ತಿಂಗಳ ಮಗು ರಾಗಿ ಮಣ್ಣಿ, ಮೆತ್ತಗಿನ ಅನ್ನ ತಿನ್ನುವ ವಯಸ್ಸಿನದು; ಹೊರಡುವ ಮುನ್ನ ನೀವು ಹಾಲುಣಿಸಿದರೆ ಎರಡು ಮೂರು ತಾಸು ತಂದೆಯ ಮಡಿಲಲ್ಲಿ ಅದು ನೆಮ್ಮದಿಯಾಗಿಯೇ ಇರಬಲ್ಲದು. ಈ ಮಾತನ್ನು ಜಗಳವಿಲ್ಲದೆ, ಆದರೆ ಸ್ಪಷ್ಟವಾಗಿ ಅವರಿಗೆ ಹೇಳಿ. ರಂಗಭೂಮಿ ನಿಮ್ಮ ಪಾಲಿಗೆ ಬರಿಯ ಮನರಂಜನೆಯಾಗಿರಲಿಲ್ಲ ಎಂಬುದು ಬಹುಶಃ ಅವರಿಗೆ ಇನ್ನೂ ತಿಳಿದಿಲ್ಲ.

ಮಗಳನ್ನು ನಾಟಕದಿಂದ ದೂರವಿಡಿ ಎಂದು ಮಾತ್ರ ನಾನು ಹೇಳಲಾರೆ. ಇಟಲಿಯ ಬೊಲೋನ್ಯಾದಲ್ಲಿ ಲಾ ಬರಾಕ್ಕಾ ಎಂಬ ತಂಡ ಮೂರು ವರ್ಷದೊಳಗಿನ ಮಕ್ಕಳಿಗೆಂದೇ ದಶಕಗಳಿಂದ ನಾಟಕ ಕಟ್ಟುತ್ತಿದೆ. ಬ್ರಿಟನ್ನಿನ ಹಲವು ರಂಗಮಂದಿರಗಳು ದೀಪಗಳನ್ನು ಪೂರ್ತಿ ಆರಿಸದೆ, ಸದ್ದು ತಗ್ಗಿಸಿ, ನಡುವೆ ಎದ್ದು ಹೋಗಿ ಬರಲು ಅವಕಾಶವಿರುವ ಪ್ರತ್ಯೇಕ ಪ್ರದರ್ಶನಗಳನ್ನು ಇಡುತ್ತವೆ. ನಮ್ಮಲ್ಲಿ ರಂಗಶಂಕರದ 'ಆಹಾ!' ಎಂಬ ಕಾರ್ಯಕ್ರಮ ಮಕ್ಕಳ ರಂಗಭೂಮಿಗಾಗಿಯೇ ಇದೆ. ನಿಮ್ಮ ಊರಿನ ನಾಟಕ ಸಂಸ್ಥೆ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ಎಂಬ ಮಕ್ಕಳ ಶಿಬಿರ ನಡೆಸುತ್ತದೆ, ಮಗಳು ಶಾಲೆಗೆ ಹೋಗುವಷ್ಟಾದಾಗ ಅದು ಒದಗಿಬರುತ್ತದೆ. ಅಲ್ಲಿಯವರೆಗೆ ವನರಂಗದಂಥ ಬಯಲು ರಂಗಮಂದಿರದಲ್ಲಿ ಅಂಚಿನ ಜಾಗ ಹಿಡಿದು, ಅವಳು ಗೊಣಗಿದ ಕೂಡಲೇ ಎದ್ದು ಬರುವ ಸಿದ್ಧತೆಯೊಂದಿಗೆ ಹಾಡು ಕುಣಿತಗಳಿರುವ ನಾಟಕಗಳನ್ನು ತೋರಿಸಿ. ಮೂರು ನಾಲ್ಕು ವರ್ಷವಾದ ಮೇಲೆ ಮುಕ್ಕಾಲು ಗಂಟೆಯ ಮಕ್ಕಳ ನಾಟಕಗಳಿಂದ ಒಳಾಂಗಣವನ್ನು ಅಭ್ಯಾಸ ಮಾಡಿಸಬಹುದು. ಹೊರಡುವ ಮುನ್ನವೇ ಕಥೆ ಹೇಳಿ, 'ದೀಪ ಆರುತ್ತದೆ, ಆಮೇಲೆ ಮತ್ತೆ ಬರುತ್ತದೆ' ಎಂದು ತಿಳಿಸಿದರೆ ಕತ್ತಲೆಯ ಅಂಜಿಕೆ ಕಡಿಮೆಯಾಗುತ್ತದೆ. ಕುಂದಾಪುರಕ್ಕೆ ಹೋದಾಗ ಅತ್ತೆಯವರೊಂದಿಗೆ ಮೊಮ್ಮಗಳನ್ನೂ ಆಟಕ್ಕೆ ಕಳುಹಿಸಿ, ನೀವೂ ಹೋಗಿ. ಈಗ ನಡುರಾತ್ರಿಯ ಹೊತ್ತಿಗೆ ಮುಗಿಯುವ ಕಾಲಮಿತಿಯ ಆಟಗಳೂ ಇವೆ. ಚಂಡೆಯಿಂದ, ಧ್ವನಿವರ್ಧಕದಿಂದ ದೂರ ಕುಳಿತುಕೊಳ್ಳಿ, ಎಳೆಯ ಕಿವಿಗೆ ಆ ಸದ್ದು ಹೆಚ್ಚಾಗುತ್ತದೆ.

ತಮ್ಮನಿಗೆ ಈ ವಾರವೇ ಫೋನ್ ಮಾಡಿ, 'ನಿನ್ನ ಮಾತು ಸರಿ, ಪ್ರದರ್ಶನಕ್ಕೆ ಪಾಪು ಬರುವುದಿಲ್ಲ. ಆದರೆ ಒಂದು ದಿನ ತಾಲೀಮಿಗೆ ಅವಳನ್ನು ಕರೆತರಬಹುದೇ ಎಂದು ನಿರ್ದೇಶಕರನ್ನು ಕೇಳು' ಎನ್ನಿ. ತಾಲೀಮಿನ ಕೋಣೆಯಲ್ಲಿ ಬೆಳಕಿರುತ್ತದೆ, ಮಗು ಅತ್ತರೆ ದೃಶ್ಯವನ್ನು ಮತ್ತೆ ಮಾಡಬಹುದು, ಮಾವ ಬಂದು ಎತ್ತಿಕೊಳ್ಳಲೂಬಹುದು. ಎರಡು ಪ್ರದರ್ಶನಗಳಿದ್ದರೆ ಮೊದಲನೆಯದಕ್ಕೆ ನೀವು, ಎರಡನೆಯದಕ್ಕೆ ಪತಿ ಹೋಗಿ. ಒಂದೇ ಇದ್ದರೆ ಆ ಟಿಕೆಟ್ ನಿಮ್ಮದು.